ಜಾರ್ಜ್ ಆರ್ವೆಲ್

ಶಿಕಾರಿಪುರ ಮತ್ತು ಸೊರಬ ಶಿವಮೊಗ್ಗ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಶಿಕಾರಿಪುರಕ್ಕೆ ಸೇರಿದ ಈಸೂರು ಎಂಬ ಹಳ್ಳಿ 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡಿತು. ಕಂದಾಯ ಕೊಡುವುದಿಲ್ಲವೆಂದಿತು, ಬಾಲಕರನ್ನೇ ತನ್ನ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರರನ್ನಾಗಿ ನೇಮಿಸಿಕೊಂಡಿತು. ಸರ್ಕಾರದ ಅಧಿಕಾರಿಗಳು ಪೊಲೀಸರೊಡನೆ ಬಂದಾಗ ಘರ್ಷಣೆ ನಡೆದು ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಹತರಾದರು. 1943ರ ಮಾರ್ಚ್ ತಿಂಗಳಲ್ಲಿ ಐವರು ಗ್ರಾಮಸ್ಥರನ್ನು ಗಲ್ಲಿಗೇರಿಸಲಾಯಿತು. ಕ್ವಿಟ್ ಇಂಡಿಯಾ ಚಳವಳಿಯ ಸುದ್ದಿಯನ್ನು ಅಚ್ಚುಮಾಡಲು ಬ್ರಿಟಿಷ್ ಸರ್ಕಾರ ಕಟ್ಟುನಿಟ್ಟಿನ ನಿರ್ಬಂಧ ವಿಧಿಸಿದ್ದ ಕಾಲವದು. ಗಾಂಧೀಜಿಯವರ ‘ಹರಿಜನ’ ಪತ್ರಿಕೆಯೇ ನಿಂತುಹೋಗಿತ್ತು.

ಅದೇ ದಿನಗಳಲ್ಲಿ ಲಂಡನ್ನಿನ ಬಿ.ಬಿ.ಸಿ. ಕಚೇರಿಯಲ್ಲಿ ಒಬ್ಬ ಲೇಖಕ ಭಾರತದ ಶ್ರೋತೃಗಳಿಗಾಗಿ ಇಂಗ್ಲಿಷ್ ಭಾಷಣಗಳನ್ನು ಸಿದ್ಧಪಡಿಸುತ್ತಿದ್ದ. ಆತ ಬರೆದುದೆಲ್ಲ ಸೆನ್ಸಾರ್ ಅಧಿಕಾರಿಯ ಒಪ್ಪಿಗೆ ಪಡೆದ ಮೇಲೆಯೇ ಪ್ರಸಾರವಾಗಬೇಕಿತ್ತು. ಅವನೇ ಜಾರ್ಜ್ ಆರ್ವೆಲ್.

ಆರ್ವೆಲ್ಲನ ನಿಜನಾಮ ಎರಿಕ್ ಆರ್ಥರ್ ಬ್ಲೇರ್. ಆತ ಜನಿಸಿದುದು ಭಾರತದಲ್ಲಿಯೇ, ಈಗಿನ ಬಿಹಾರಕ್ಕೆ ಸೇರಿದ ಮೋತಿಹಾರಿಯಲ್ಲಿ, 1903ರ ಜೂನ್ 25ರಂದು. ತಂದೆ ಸರ್ಕಾರದ ಅಫೀಮು ಇಲಾಖೆಯ ನೌಕರ. ಮರುವರ್ಷವೇ ತಾಯಿ ಮಗುವನ್ನು ಇಂಗ್ಲೆಂಡಿಗೆ ಕರೆದೊಯ್ದಳು. ಪ್ರತಿಷ್ಠಿತವಾದ ಈಟನ್ ಶಾಲೆಯಲ್ಲಿ ವಿದ್ಯಾರ್ಥಿವೇತನ ಪಡೆದು ಓದಿದ ಈ ತರುಣ 1922ರಲ್ಲಿ ಪೊಲೀಸ್ ಅಧಿಕಾರಿಯಾಗಿ ಬರ್ಮಾಕ್ಕೆ ತೆರಳಿದ. ಜನರ ಮೇಲೆ ಕಣ್ಣಿಡುವ, ಅವರನ್ನು ಹಿಡಿದು ಸೆರೆಮನೆಗೆ ತಳ್ಳುವ ಯಂತ್ರವನ್ನು ಐದು ವರ್ಷ ಒಳಗಿನಿಂದಲೇ ಕಂಡ. ಆ ಕೆಲಸದ ಬಗ್ಗೆ ಜಿಗುಪ್ಸೆ ಹುಟ್ಟಿತು. 1927ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಬಂದವನು ಮರಳಿ ಹೋಗಲಿಲ್ಲ. ಪ್ಯಾರಿಸ್, ಲಂಡನ್ನುಗಳ ಬಡವರೊಡನೆ ಬಾಳಿ, ಹೋಟೆಲಿನಲ್ಲಿ ಪಾತ್ರೆ ತೊಳೆದು, ಆ ಅನುಭವವನ್ನು ಬರೆದು 1933ರಲ್ಲಿ ಪ್ರಕಟಿಸಿದ. ಜಾರ್ಜ್ ಆರ್ವೆಲ್ ಎಂಬ ಹೆಸರು ಮೊದಲು ಕಾಣಿಸಿದ್ದು ಆ ಪುಸ್ತಕದ ಮೇಲೆ.

1936ರ ಕೊನೆಯಲ್ಲಿ ಆತ ಸ್ಪೇನಿಗೆ ಹೋಗಿ ಫ್ರಾಂಕೋನ ಸೈನ್ಯದ ವಿರುದ್ಧ ಹೋರಾಡಿದ. ಮರುವರ್ಷ ಮೇ ತಿಂಗಳಲ್ಲಿ ಶತ್ರುವಿನ ಗುಂಡು ಅವನ ಕೊರಳನ್ನು ತೂರಿಹೋಯಿತು. ಅದಕ್ಕಿಂತಲೂ ಆಳವಾದ ಗಾಯ ಸ್ವಪಕ್ಷದಿಂದಲೇ ಆಯಿತೆನ್ನಬೇಕು. ಆತನಿದ್ದ ದಳದ ಪಕ್ಷವನ್ನು ದೇಶದ್ರೋಹಿಯೆಂದು ಸಾರಲಾಯಿತು. ಬಾರ್ಸಿಲೋನದ ಹೋಟೆಲಿನಲ್ಲಿ ಅವನ ಹೆಂಡತಿಯಿದ್ದ ಕೋಣೆಗೆ ಪೊಲೀಸರು ನುಗ್ಗಿ ದಿನಚರಿಗಳನ್ನೂ ಕಾಗದಪತ್ರಗಳನ್ನೂ ಹೊತ್ತೊಯ್ದರು. ದಂಪತಿಗಳು ಗಡಿ ದಾಟಿ ಪಾರಾದರು. ನಡೆಯದ ಕದನಗಳು ನಡೆದವೆಂದು ಪತ್ರಿಕೆಗಳಲ್ಲಿ ಬಂದುದನ್ನು ಓದಿದಾಗ, ನಡೆದ ಸಂಗತಿಯನ್ನೇ ಅಳಿಸಿ ಬೇರೊಂದನ್ನು ಬರೆದಿಡಬಹುದೆಂಬ ಭಯ ಅವನಲ್ಲಿ ಬೇರೂರಿತು.

ಬಿ.ಬಿ.ಸಿ.ಯ ಕೆಲಸವನ್ನೂ 1943ರಲ್ಲಿ ಬಿಟ್ಟ. ಭಾರತೀಯರು ಕೇಳದ ಮಾತಿಗಾಗಿ ಸಾರ್ವಜನಿಕರ ಹಣ ವ್ಯರ್ಥವಾಗುತ್ತಿದೆಯೆಂಬುದು ಅವನ ಅಭಿಪ್ರಾಯವಾಗಿತ್ತು. ಶಿಕಾರಿಪುರ, ಸೊರಬಗಳ ಹಳ್ಳಿಗರ ಮಟ್ಟಿಗಂತೂ ಅದು ದಿಟ. ಬಳಿಕ ಬರೆದ ‘ಅನಿಮಲ್ ಫಾರ್ಮ್’ ಎಂಬ ಕಥೆಯಲ್ಲಿ, ಒಡೆಯನನ್ನು ಓಡಿಸಿದ ಪ್ರಾಣಿಗಳು ಹಂದಿಗಳ ಆಳಿಕೆಗೆ ಸಿಕ್ಕಿಬೀಳುತ್ತವೆ. ರಷ್ಯಾ ಆಗ ಬ್ರಿಟನ್ನಿನ ಮಿತ್ರರಾಷ್ಟ್ರ. ಒಬ್ಬ ಪ್ರಕಾಶಕ ಸರ್ಕಾರಿ ಅಧಿಕಾರಿಯ ಸಲಹೆ ಕೇಳಿ ಹಸ್ತಪ್ರತಿಯನ್ನು ಹಿಂದಿರುಗಿಸಿದ. ಇನ್ನೂ ಕೆಲವರು ನಿರಾಕರಿಸಿದರು. ಕಾನೂನಿನ ನಿಷೇಧವಿಲ್ಲದೆಯೂ ಒಂದು ಪುಸ್ತಕವನ್ನು ತಡೆಯಬಹುದೆಂಬುದು ಹೀಗೆ ಅವನ ಅನುಭವಕ್ಕೆ ಬಂತು. 1945ರ ಆಗಸ್ಟಿನಲ್ಲಿ ಅದು ಪ್ರಕಟವಾಯಿತು.

ಕ್ಷಯರೋಗ ಉಲ್ಬಣಿಸುತ್ತಿದ್ದಾಗ, ಸ್ಕಾಟ್ಲೆಂಡಿನ ಜುರಾ ದ್ವೀಪದಲ್ಲಿ ಆತ ‘ನೈನ್ಟೀನ್ ಎಯ್ಟಿಫೋರ್’ ಕಾದಂಬರಿಯನ್ನು ಬರೆದ. ಹಾಸಿಗೆಯ ಮೇಲೆ ಒರಗಿ ತಾನೇ ಬೆರಳಚ್ಚು ಮಾಡಿ 1948ರ ಕೊನೆಯಲ್ಲಿ ಮುಗಿಸಿದ. ಆ ಕಲ್ಪಿತ ರಾಜ್ಯದಲ್ಲಿ ಗೋಡೆಯ ಮೇಲಿನ ತೆರೆ ಚಿತ್ರವನ್ನು ತೋರಿಸುತ್ತಲೇ ಮನೆಯವರನ್ನೂ ನೋಡುತ್ತಿರುತ್ತದೆ. ನಾಯಕ ವಿನ್‌ಸ್ಟನ್ ಸ್ಮಿತ್‌ನ ಉದ್ಯೋಗ ಹಳೆಯ ಪತ್ರಿಕೆಗಳನ್ನು ತಿದ್ದುವುದು. ಆತ ಗುಟ್ಟಾಗಿ ದಿನಚರಿ ಬರೆಯತೊಡಗಿದ್ದೇ ಮಹಾಪರಾಧ. ಇದನ್ನು ಭವಿಷ್ಯವಾಣಿಯೆಂದು ಹೊಗಳುವವರುಂಟು. ಆದರೆ ಆರ್ವೆಲ್ ಜ್ಯೋತಿಷಿಯಲ್ಲ; ಬರ್ಮಾದ ಠಾಣೆ, ಬಾರ್ಸಿಲೋನದ ಹೋಟೆಲು, ಲಂಡನ್ನಿನ ಕಚೇರಿಗಳಲ್ಲಿ ಕಂಡುದನ್ನೇ ಹಿಗ್ಗಿಸಿ ಬರೆದವನು.

ಒಂದು ಸಂಗತಿಯನ್ನು ಮರೆಮಾಚಲಾಗದು. 1949ರಲ್ಲಿ, ಕಮ್ಯುನಿಸ್ಟರ ಕಡೆ ಒಲವುಳ್ಳವರೆಂದು ತನಗೆ ತೋರಿದ ಕೆಲವರ ಹೆಸರುಗಳನ್ನು ಬರೆದು ಆತ ಬ್ರಿಟಿಷ್ ಸರ್ಕಾರದ ಪ್ರಚಾರ ವಿಭಾಗಕ್ಕೆ ಕೊಟ್ಟ. ಅಂಥವರಿಗೆ ಪ್ರಚಾರದ ಬರವಣಿಗೆ ಒಪ್ಪಿಸಬಾರದೆಂಬುದಷ್ಟೇ ಅವನ ಉದ್ದೇಶವಾಗಿದ್ದರೂ, ಬರೆದವನು ಆರ್ವೆಲ್ ಎಂಬ ಕಾರಣಕ್ಕೆ ಅದು ಇಂದಿಗೂ ನೋವಿನ ವಿಷಯ. ಕಾದಂಬರಿ ಆ ವರ್ಷದ ಜೂನ್ 8ರಂದು ಹೊರಬಂತು. 1950ರ ಜನವರಿ 21ರಂದು, ನಲವತ್ತಾರರ ವಯಸ್ಸಿನಲ್ಲಿ ಆತ ತೀರಿಕೊಂಡ.

ಭಾರತದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದುದು 1975ರ ಜೂನ್ 25ರಂದು, ಆರ್ವೆಲ್ಲನ ಜನ್ಮದಿನದಂದು. ಇದು ಕಾಕತಾಳೀಯ, ಪತ್ರಿಕೆಗಳು ಸೆನ್ಸಾರ್ ಅಧಿಕಾರಿಗೆ ತೋರಿಸಿ ಸುದ್ದಿ ಅಚ್ಚುಮಾಡಬೇಕಾಗಿ ಬಂದುದು ಕಾಕತಾಳೀಯವಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತರು. ಕಾದಂಬರಿಯಲ್ಲಿ ತೆರೆಯನ್ನು ಗೋಡೆಗೆ ಹಾಕಿದುದು ಸರ್ಕಾರ. ಇಂದು ಸೊರಬದ ಸಂತೆಗೆ ಹೊರಟವರೂ ತಾವಿರುವ ಸ್ಥಳವನ್ನು ತಿಳಿಸಬಲ್ಲ ಫೋನನ್ನು ತಾವೇ ಹಣ ತೆತ್ತು ಕೊಂಡು ಕಿಸೆಯಲ್ಲಿಟ್ಟುಕೊಂಡಿರುತ್ತಾರೆ.

2007ರಲ್ಲಿ ಬ್ರಿಟನ್ನಿನ ಗುಪ್ತಚರ ಇಲಾಖೆಯ ಹಳೆಯ ಕಡತವೊಂದು ಸಾರ್ವಜನಿಕರಿಗೆ ತೆರೆಯಿತು. ಅದು ಆರ್ವೆಲ್ಲನ ಮೇಲಿಟ್ಟ ಕಣ್ಗಾವಲಿನ ಕಡತ. ಆತ ಭಾರತದ ಕೇಳುಗರಿಗಾಗಿ ಭಾಷಣಗಳನ್ನು ಬರೆಯುತ್ತಿದ್ದ 1942ರಲ್ಲಿಯೇ ಪೊಲೀಸರು ಅವನ ಭಾರತೀಯ ಮಿತ್ರರ ಮಾತನ್ನೂ, ಅವನು ತೊಡುತ್ತಿದ್ದ ಉಡುಪಿನ ರೀತಿಯನ್ನೂ ಅದರಲ್ಲಿ ಗುರುತು ಹಾಕಿಕೊಂಡಿದ್ದರು.