ಕುದ್ಮುಲ್ ರಂಗರಾವ್: ಸ್ಲೇಟಿನ ಪಕ್ಕದಲ್ಲಿ ಮಗ್ಗ

ಜಾವಗಲ್ ಸುತ್ತಿನ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಪಾಠಯೋಜನೆಗಿಂತ ಮೊದಲು ಎದುರಾಗುವುದು ಹಾಜರಿ ಪುಸ್ತಕ. ಹೆಸರಿರುತ್ತದೆ, ಮಗು ಇರುವುದಿಲ್ಲ. ವ್ಯಾಪಾರಕ್ಕೆಂದು ಊರೂರು ಸುತ್ತುವ ಹಕ್ಕಿಪಿಕ್ಕಿಗಳಂಥ ಕುಟುಂಬಗಳ ಮಕ್ಕಳ ವಿಷಯದಲ್ಲಂತೂ ಈ ಮಾತು ಹೆಚ್ಚು ನಿಜ. ಶಾಲೆಗೆ ಬಾರದ ಮಗುವನ್ನು ಕರೆತರುವುದು ಹೇಗೆ, ಬಂದ ಮೇಲೆ ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಇಡೀ ಬದುಕನ್ನೇ ತೆತ್ತವರು ಮಂಗಳೂರಿನ ಕುದ್ಮುಲ್ ರಂಗರಾಯರು.

ಅವರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನ ಕುದ್ಮುಲ್‌ನಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಮೊದಲು ಸಿಕ್ಕಿದ್ದು ಮೇಷ್ಟರ ಕೆಲಸ, ತಿಂಗಳಿಗೆ 8 ರೂಪಾಯಿ ಸಂಬಳ. ದುಡಿಯುತ್ತಲೇ ಓದಿ ವಕೀಲರಾದರು. ಬ್ರಹ್ಮಸಮಾಜದ ಒಡನಾಟವೂ ಆಗಲೇ ಬೆಳೆಯಿತು. ನಾಲ್ಕನೆಯ ತರಗತಿವರೆಗೆ ಓದಿದ್ದ ದಲಿತ ಯುವಕನೊಬ್ಬನಿಗೆ ನ್ಯಾಯಾಲಯದಲ್ಲಿ ಜವಾನನ ಕೆಲಸ ಸಿಕ್ಕಾಗ ಮೇಲ್ಜಾತಿಯ ನೌಕರರು ಪ್ರತಿಭಟಿಸಿದ್ದು ರಾಯರ ಮನಸ್ಸನ್ನು ಕಲಕಿತೆಂದು ಹೇಳುವುದುಂಟು.

1892ರಲ್ಲಿ ಉರ್ವ ಚಿಲಿಂಬಿಯ ಬಾಡಿಗೆ ಮನೆಯೊಂದರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಊರಿನ ವಿರೋಧಕ್ಕೆ ಅದು ಹೆಚ್ಚು ಕಾಲ ಬಾಳಲಿಲ್ಲ. ಮತ್ತೊಂದು ಕಡೆ ತೆರೆದರು. ಪಾಠ ಹೇಳಲು ಮೇಲ್ಜಾತಿಯವರು ಯಾರೂ ಬಾರದಿದ್ದಾಗ ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಅವರೂ ಕಿರುಕುಳ ತಪ್ಪಿಸಿಕೊಳ್ಳಲಿಲ್ಲ. ರಾಯರ ಮನೆಗೆ ಸ್ವಜಾತಿಯ ಬಹಿಷ್ಕಾರ ಬಿತ್ತು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದ ಮೇಲೆ ಕಂಕನಾಡಿ, ಬೋಳೂರು, ಮೂಲ್ಕಿ, ಉಡುಪಿ ಮುಂತಾದೆಡೆ ಶಾಲೆಗಳಾದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೂಲಿಗೆ ಹೋಗುವ ಮಗುವನ್ನು ಶಾಲೆಗೆ ಕರೆದರೆ ಆ ಮನೆಯ ಅಂದಿನ ಗಂಜಿಗೆ ಕತ್ತರಿ ಬೀಳುತ್ತದೆ. ರಾಯರು ಇದನ್ನು ಬಲ್ಲವರು. ಆದ್ದರಿಂದ ಶಾಲೆಯಲ್ಲಿ ಮಧ್ಯಾಹ್ನದ ಊಟವಿಟ್ಟರು. ಬಂದ ಮಕ್ಕಳ ಕೈಗೆ ದಿನವೂ ಒಂದಿಷ್ಟು ಕಾಸನ್ನೂ ಹಾಕುತ್ತಿದ್ದರೆನ್ನುತ್ತಾರೆ. ಅವರು ಕೈಹಿಡಿದ ಸಮುದಾಯಗಳಲ್ಲಿ ಬುಟ್ಟಿ ಹೆಣೆದು ಬದುಕುವ ಬುಡಕಟ್ಟಿನ ಕೊರಗರೂ ಇದ್ದರು. ಕೊರಗರಿಗೆ ಎಂಜಲು ಉಣಿಸುವ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ. ಅದಕ್ಕೂ ನೂರು ವರ್ಷ ಮೊದಲು ಇಂಥ ಮಕ್ಕಳನ್ನು ಸಾಲಾಗಿ ಕೂರಿಸಿ ಬಿಸಿ ಅನ್ನ ಬಡಿಸುವುದೆಂದರೆ ಏನೆಂದು ಊಹಿಸಿಕೊಳ್ಳಿ. ನನಗಂತೂ ಅದೇ ಆ ಶಾಲೆಯ ಮೊದಲ ಪಾಠವೆನಿಸುತ್ತದೆ.

ಎರಡನೆಯದು ಕೈಕಸುಬು. ಕೊಡಿಯಾಲಬೈಲಿನ ಕೇಂದ್ರದಲ್ಲಿ ಓದು ಬರಹದ ಜೊತೆಗೆ ನೇಯ್ಗೆ, ಮರಗೆಲಸಗಳ ತರಬೇತಿಯೂ ಇತ್ತು. ವೃತ್ತಿ ಶಿಕ್ಷಣವೆಂದರೆ ಬಡವರ ಮಕ್ಕಳನ್ನು ಬಡವರ ಕೆಲಸದಲ್ಲೇ ಕಟ್ಟಿಹಾಕುವ ಉಪಾಯವೆಂಬ ಆಕ್ಷೇಪವನ್ನು ನಮ್ಮ ತರಗತಿಗಳಲ್ಲಿ ಆಗಾಗ ಕೇಳುತ್ತೇವೆ. ಆಕ್ಷೇಪ ಸುಳ್ಳಲ್ಲ. ಆದರೆ ಮಗ್ಗದ ಮುಂದೆ ಕುಳಿತ ಹುಡುಗ ನೂಲೆಳೆ ಎಣಿಸುತ್ತಾ ಲೆಕ್ಕ ಕಲಿಯುತ್ತಾನೆ. ಹಲಗೆ ಕೊಯ್ಯುವವನು ಅಳತೆ ಕಲಿಯುತ್ತಾನೆ. ಮುಟ್ಟಿದರೆ ಮೈಲಿಗೆ ಎನಿಸಿಕೊಂಡ ಕೈ ನೇಯ್ದ ಬಟ್ಟೆಗೆ ಪೇಟೆಯಲ್ಲಿ ಬೆಲೆ ಬರುತ್ತದೆ. ರಾಯರು ಅಲ್ಲಿಗೇ ನಿಲ್ಲಿಸಲೂ ಇಲ್ಲ. ಅವರ ಶಾಲೆಗಳಿಂದ ಬಂದವರು ಮೇಷ್ಟರಾದರು. ಸ್ಥಳೀಯ ಆಡಳಿತ ಸಂಸ್ಥೆಗಳಲ್ಲಿ ದಲಿತ ಪ್ರತಿನಿಧಿಗಳೂ ಕುಳಿತರು. ಮನೆ ಕಟ್ಟಿಕೊಳ್ಳಲು ನಿವೇಶನಗಳನ್ನೂ ರಾಯರು ಕೊಡಿಸಿದರು.

ಊರಿಗೆ ಹೇಳಿದ್ದನ್ನು ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿ ಅನ್ಯಜಾತಿಯ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ ಕೇಂದ್ರ ಶಾಸನಸಭೆಯ ಮೇಲ್ಮನೆಗೆ ಆಯ್ಕೆಯಾದ ಮೊದಲ ಮಹಿಳೆ.

ವಯಸ್ಸಾದ ಮೇಲೆ ರಾಯರು ಮಿಷನ್ನಿನ ಹೊಣೆಯನ್ನು ಭಾರತ ಸೇವಕ ಸಮಾಜಕ್ಕೆ ವಹಿಸಿದರು. ಕೊನೆಯಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. 1928ರ ಜನವರಿ 30ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಶವಕ್ಕೆ ಹೆಗಲು ಕೊಟ್ಟವರು ಊರಿನ ತೋಟಿಗಳು.