ಸಂಜೆ ಕಾಲೇಜಿನ ಹರಿಕಾರ ಡಾ. ಜಾರ್ಜ್ ಬರ್ಕ್‌ಬೆಕ್

ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ಪದವಿ, ಸ್ನಾತಕೋತ್ತರ ಪದವಿ ಪಡೆದವರು ನಮ್ಮ ನಡುವೆ ಅನೇಕರಿದ್ದಾರೆ. ಈ ಅವಕಾಶ ತಾನಾಗಿ ಒದಗಿದ್ದಲ್ಲ. ಇದಕ್ಕಾಗಿ ಶ್ರಮಿಸಿದ ಮಹನೀಯರಲ್ಲಿ ಡಾ. ಜಾರ್ಜ್ ಬರ್ಕ್‌ಬೆಕ್ ಪ್ರಮುಖರು.

1776ರ ಜನವರಿ 10ರಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಸೆಟ್ಲ್ ಎಂಬಲ್ಲಿ ಅವರ ಜನನ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಕಲಿತು, 1799ರಲ್ಲಿ ಗ್ಲಾಸ್ಗೋದ ಆಂಡರ್ಸನ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಪಾಠಕ್ಕೆ ಬೇಕಾದ ಉಪಕರಣವೊಂದನ್ನು ಮಾಡಿಸಲು ಹೋದಾಗ, ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಅಲ್ಲಿನ ಕುಶಲಕರ್ಮಿಗಳು ತೋರಿದ ಕುತೂಹಲ ಅವರ ಮನ ಮುಟ್ಟಿತು. ಯಂತ್ರ ತಯಾರಿಸುವ ಕೈಗಳಿಗೆ ಯಂತ್ರದ ವಿಜ್ಞಾನ ಹೇಳಿಕೊಡುವವರೇ ಇರಲಿಲ್ಲ. 1800ರಲ್ಲಿ ಅವರು ಕಾರ್ಮಿಕರಿಗಾಗಿ ಸಂಜೆ ಉಚಿತ ಉಪನ್ಯಾಸ ಆರಂಭಿಸಿದರು. ಮೊದಲು 75 ಮಂದಿ ಬಂದರು. ನಾಲ್ಕನೆಯ ಉಪನ್ಯಾಸದ ವೇಳೆಗೆ ಅವರ ಸಂಖ್ಯೆ 500ಕ್ಕೆ ಏರಿತು.

1804ರಲ್ಲಿ ಗ್ಲಾಸ್ಗೋ ಬಿಟ್ಟ ಬರ್ಕ್‌ಬೆಕ್, ಮುಂದೆ ಲಂಡನ್ನಿನಲ್ಲಿ ಹೆಸರಾಂತ ವೈದ್ಯರಾದರು. 1823ರಲ್ಲಿ ಜೋಸೆಫ್ ರಾಬರ್ಟ್‌ಸನ್ ಮತ್ತು ಥಾಮಸ್ ಹಾಡ್‌ಸ್ಕಿನ್ ಎಂಬ ಪತ್ರಕರ್ತರು ಕಾರ್ಮಿಕರಿಗೊಂದು ವಿದ್ಯಾಸಂಸ್ಥೆ ಬೇಕೆಂದು ಕರೆಕೊಟ್ಟಾಗ ಬರ್ಕ್‌ಬೆಕ್ ಮುಂದೆ ಬಂದರು. ಅದೇ ವರ್ಷ ಲಂಡನ್ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ ಸ್ಥಾಪನೆಯಾಯಿತು. ಅವರೇ ಅದರ ಪ್ರಥಮ ಅಧ್ಯಕ್ಷರು. ಕೂಲಿಕಾರರಿಗೆ ವಿದ್ಯೆ ಕೊಟ್ಟರೆ ಅವರು ದಂಗೆ ಎದ್ದಾರೆಂದು ಉಳ್ಳವರಲ್ಲಿ ಹಲವರು ವಿರೋಧಿಸಿದರು. ಬರ್ಕ್‌ಬೆಕ್ ಹಿಂಜರಿಯಲಿಲ್ಲ. ಉಪನ್ಯಾಸ ಮಂದಿರ ಕಟ್ಟಲು ತಮ್ಮ ಸ್ವಂತ ಹಣದಿಂದ ಸಾವಿರಾರು ಪೌಂಡು ಸಾಲ ಕೊಟ್ಟರು. 1830ರಲ್ಲಿ ಮಹಿಳೆಯರಿಗೂ ಪ್ರವೇಶ ದೊರೆಯಿತು. 1841ರ ಡಿಸೆಂಬರ್ 1ರಂದು ಅವರು ನಿಧನರಾದರು.

ಆಗಿನ್ನೂ ಅಲ್ಲಿ ಓದಿದವರಿಗೆ ಪದವಿಯ ದಾರಿ ತೆರೆದಿರಲಿಲ್ಲ. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯವು ಎಲ್ಲಿ ಓದಿದವರಾದರೂ ತನ್ನ ಪದವಿ ಪರೀಕ್ಷೆಗೆ ಕೂರಬಹುದೆಂದು ನಿಯಮ ಬದಲಿಸಿದ ಮೇಲೆ, ಸಂಜೆ ಓದುವವರಿಗೂ ಪದವಿ ಕೈಗೆಟಕಿತು. 1907ರಲ್ಲಿ ಸಂಸ್ಥೆಗೆ ಬರ್ಕ್‌ಬೆಕ್ ಕಾಲೇಜು ಎಂದು ಹೆಸರಾಯಿತು. 1920ರಲ್ಲಿ ಅದು ದುಡಿಯುವವರ ಸಂಜೆ ಕಾಲೇಜಾಗಿ ವಿಶ್ವವಿದ್ಯಾಲಯದ ಅಂಗವಾಯಿತು. ಮುಂದೆ ಉನ್ನತ ಸಂಶೋಧನೆಗೂ ಹೆಸರಾಯಿತು. ಡಿಎನ್‌ಎ ರಚನೆಯ ಅಧ್ಯಯನಕ್ಕೆ ಪ್ರಸಿದ್ಧರಾದ ರೊಸಾಲಿಂಡ್ ಫ್ರಾಂಕ್ಲಿನ್ 1953ರಿಂದ ಅಲ್ಲಿ ಸಂಶೋಧನೆ ನಡೆಸಿದರು. ಬ್ರಿಟನ್ನಿನ ಪ್ರಥಮ ಲೇಬರ್ ಪ್ರಧಾನಿ ರಾಮ್ಸೆ ಮೆಕ್‌ಡೊನಾಲ್ಡ್ ಕೂಡ ಯೌವನದಲ್ಲಿ ಈ ಸಂಸ್ಥೆಯ ಸಂಜೆ ತರಗತಿಗಳಲ್ಲಿ ಓದಿದವರೇ.

ಬಡವನಿಗೆ ಬುದ್ಧಿಯ ಕೊರತೆಯಿಲ್ಲ, ಬಿಡುವಿನ ಕೊರತೆ ಎಂಬುದನ್ನು ಬರ್ಕ್‌ಬೆಕ್ ಅರಿತಿದ್ದರು. ಮನೆಯ ಕಷ್ಟದಿಂದ ಓದು ನಿಲ್ಲಿಸಿ ಅಂಗಡಿ, ಗ್ಯಾರೇಜುಗಳಲ್ಲಿ ದುಡಿಯುತ್ತಿರುವ ಯುವಕರು ನಮ್ಮಲ್ಲೂ ಇದ್ದಾರೆ. ಅವರಿಗೆ ಅನುಕೂಲವಾದ ಸಮಯದಲ್ಲಿ ತರಗತಿಯ ಬಾಗಿಲು ತೆರೆಯುವುದು ವಿದ್ಯಾಸಂಸ್ಥೆಗಳ ಕರ್ತವ್ಯ. ಆ ಬಾಗಿಲನ್ನು ಧೈರ್ಯದಿಂದ ದಾಟುವುದು ವಿದ್ಯಾರ್ಥಿಗಳ ಜವಾಬ್ದಾರಿ.