‘ಕಟ್ಟು’ ಅನ್ನೋ ಪದ ಮತ್ತು ಕಿಟೆಲ್

ನಮ್ಮಲ್ಲಿ ಎಷ್ಟು ಜನರ ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕೆ ನಿಂತ ಕಥೆ, ಕಾದಂಬರಿಗಳ ಫೈಲ್‌ಗಳಿವೆಯೋ! ಶುರು ಮಾಡುವಾಗ ಇದ್ದ ಹುರುಪು ಎರಡನೇ ಇಂಟರ್ನಲ್ಸ್ ಬರುವಷ್ಟರಲ್ಲಿ ಇಳಿದುಹೋಗಿರುತ್ತೆ. ಆಮೇಲೆ ಆ ಫೈಲ್ ತೆರೆಯೋಕೂ ಭಯ. ಒಂದೇ ಪುಸ್ತಕವನ್ನು ಇಪ್ಪತ್ತು ವರ್ಷ ಬಿಡದೆ ಹಿಡಿದಿದ್ದ ಒಬ್ಬರ ಕಥೆ ಹೇಳ್ತೀನಿ ಕೇಳಿ.

ಹೊಸ ತಿಪ್ಪಸಂದ್ರದಿಂದ ಬಸ್ ಹತ್ತಿ ಎಂ.ಜಿ. ರಸ್ತೆಗೆ ಹೋದವರು ಅವರ ಪ್ರತಿಮೆ ನೋಡಿರಬಹುದು. ಆಸ್ಟಿನ್ ಟೌನ್‌ಗೆ ಕಿಟೆಲ್ ನಗರ ಅಂತ ಹೆಸರಿಟ್ಟಿದ್ದೂ ಅವರ ನೆನಪಿಗೇ. ಕನ್ನಡ ನಿಘಂಟಿನ ರೆವರೆಂಡ್ ಫರ್ಡಿನಾಂಡ್ ಕಿಟೆಲ್.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿ ಕಡೆಯ ರೆಸ್ಟರ್‌ಹಾಫ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಮಗನೂ ಬಾಸೆಲ್ ಮಿಷನ್ ಸೇರಿ 1853ರಲ್ಲಿ ಮಂಗಳೂರಿಗೆ ಬಂದಿಳಿದರು. ಆಗ ವಯಸ್ಸು 21, ಅಂದರೆ ನಮ್ಮ ಫೈನಲ್ ಇಯರ್ ಹುಡುಗರ ವಯಸ್ಸು. ಬಂದಿದ್ದು ಧರ್ಮಪ್ರಚಾರಕ್ಕೆ. ಆದರೆ ಮನಸ್ಸು ಹಿಡಿದಿದ್ದು ಭಾಷೆ. ಜನರ ನಡುವೆ ಇದ್ದು ಅವರ ಮಾತು, ಅವರ ಕಾವ್ಯ ಕಲಿಯದೆ ಏನು ಹೇಳಿದರೂ ಪ್ರಯೋಜನವಿಲ್ಲ ಅನ್ನೋದು ಅವರ ನಿಲುವು. ಜೊತೆಗಿದ್ದ ಮಿಷನರಿಗಳಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಹೀಗಾಗಿ ಮಿಷನ್ನಿನೊಳಗೇ ಅವರು ಒಂಟಿಯಾದರು. 1864ರಲ್ಲಿ ಹೆಂಡತಿ ಪೌಲೀನೆಯೂ ತೀರಿಕೊಂಡರು.

ಈ ಹೊತ್ತಿಗೆ ಅವರು ಕನ್ನಡದಲ್ಲೇ ಬರೆಯೋಕೆ ಶುರು ಮಾಡಿದ್ದರು. ಕ್ರಿಸ್ತನ ಜೀವನವನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ 1862ರಲ್ಲೇ ಬಂದಿತ್ತು. ಮುಂದೆ ಒಂದು ಕನ್ನಡ-ಇಂಗ್ಲಿಷ್ ನಿಘಂಟು ಮಾಡುವ ಜವಾಬ್ದಾರಿ ಅವರ ಮೇಲೆ ಬಿತ್ತು. ಕೆಲಸ 1872ರ ಸುಮಾರಿಗೆ ಶುರುವಾಯಿತು.

ಇಲ್ಲಿ ಒಂದು ಪ್ರಶ್ನೆ ಇತ್ತು. ವಿಲಿಯಂ ರೀವ್ ಅವರ ನಿಘಂಟು ಕಿಟೆಲ್ ಹುಟ್ಟಿದ ವರ್ಷವೇ, 1832ರಲ್ಲೇ, ಅಚ್ಚಾಗಿತ್ತು. ಹಾಗಿರುವಾಗ ಇನ್ನೊಂದು ಯಾಕೆ? ಇನ್ನಷ್ಟು ಪದ ಸೇರಿಸಿದರೆ ಪುಸ್ತಕ ದಪ್ಪ ಆಗುತ್ತೆ, ಅಷ್ಟೇ. ತನ್ನ ಪುಸ್ತಕ ಯಾವುದಕ್ಕಾಗಿ ಅನ್ನೋದನ್ನು ಕಿಟೆಲ್ ಮೊದಲು ಕಂಡುಕೊಳ್ಳಬೇಕಿತ್ತು.

ನಮ್ಮ ಏರಿಯಾದಿಂದಲೇ ಒಂದು ಉದಾಹರಣೆ ಕೊಡ್ತೀನಿ. ಹೊಸ ತಿಪ್ಪಸಂದ್ರದ ಗಲ್ಲಿಗಳಲ್ಲಿ ಮನೆ ಮೇಲೆ ಮನೆ ಕಟ್ತಾರೆ. ನಾವು ಪಿ.ಜಿ. ಬಾಡಿಗೆ ಕಟ್ತೀವಿ, ಎಕ್ಸಾಮ್ ಫೀಸ್ ಕಟ್ತೀವಿ. ಅಮ್ಮ ಬುತ್ತಿ ಕಟ್ತಾರೆ. ಮಳೆಯಲ್ಲಿ ನೆನೆದರೆ ಮೂಗು ಕಟ್ಟುತ್ತೆ. ಕ್ಲಾಸಿಗೆ ಲೇಟಾದರೆ ಕಥೆ ಕಟ್ತೀವಿ. ‘ಕಟ್ಟು’ ಪದದ ಎದುರಿಗೆ ಒಂದೇ ಒಂದು ಇಂಗ್ಲಿಷ್ ಪದ ಬರೆದರೆ ಇದರಲ್ಲಿ ಎಷ್ಟು ಉಳಿಯುತ್ತೆ? ಪದದ ಅರ್ಥ ಅದರ ಬಳಕೆಯಲ್ಲಿದೆ, ಅದನ್ನಾಡುವ ಬಾಯಲ್ಲಿದೆ.

ಕಿಟೆಲ್ ಹಿಡಿದ ದಾರಿ ಇದೇ. ಪದಕ್ಕೆ ಅರ್ಥ ಬರೆದು ಸುಮ್ಮನಾಗಲಿಲ್ಲ. ಹಳೆಯ ಕವಿಗಳು ಅದನ್ನು ಹೇಗೆ ಬಳಸಿದ್ದಾರೆ, ಜನರ ಗಾದೆಯಲ್ಲಿ ಅದು ಹೇಗೆ ಬರುತ್ತೆ, ತಮಿಳು, ತೆಲುಗು, ಮಲಯಾಳಂ, ತುಳುವಿನಲ್ಲಿ ಅದರ ನೆಂಟರು ಯಾರು ಅಂತ ಜೋಡಿಸುತ್ತಾ ಹೋದರು. ಒಂದು ಶಾಸ್ತ್ರೀಯ ನಿಘಂಟಿನಲ್ಲಿ ಪಂಡಿತರ ಕಾವ್ಯದ ಪಕ್ಕದಲ್ಲೇ ಹೊಲದಲ್ಲಿ ದುಡಿಯುವವರ ಗಾದೆಗೂ ಜಾಗ ಸಿಕ್ಕಿತು.

ಆದರೆ ದಾರಿ ಗೊತ್ತಾದ ಮಾತ್ರಕ್ಕೆ ಬೇಸರ ಬರಲ್ಲ ಅಂತ ಅಲ್ಲ. ವರ್ಷಗಟ್ಟಲೆ ದಿನಾ ಪದ, ಅರ್ಥ, ಮತ್ತೆ ಪದ. ಎಲ್ಲವೂ ಕೈಬರಹ. ಕಿಟೆಲ್ ಈ ನಡುವೆ ಬೇರೆ ಕೆಲಸಗಳನ್ನೂ ಹಚ್ಚಿಕೊಂಡಿದ್ದರು. ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ 1872ರಲ್ಲಿ ಅಚ್ಚು ಹಾಕಿಸಿದರು. ನಾಗವರ್ಮನ ‘ಛಂದೋಂಬುಧಿ’ 1875ರಲ್ಲಿ ಬಂತು. ನೋಡೋಕೆ ಇವು ಬೇರೆ ದಾರಿ ಅನ್ನಿಸಬಹುದು. ಆದರೆ ವ್ಯಾಕರಣ ಕೆದಕಿದಾಗ ಸಿಕ್ಕಿದ್ದು ನಿಘಂಟಿಗೇ ಬಂತು, ಛಂದಸ್ಸು ಓದುವಾಗ ಸಿಕ್ಕ ಪದವೂ ನಿಘಂಟಿಗೇ ಬಂತು. ಎಲ್ಲ ಕಾಲುವೆಗಳೂ ಒಂದೇ ಕೆರೆಗೆ ನೀರು ತರುತ್ತಿದ್ದವು.

1877ರಲ್ಲಿ ಅವರು ಜರ್ಮನಿಗೆ ಮರಳಿದರು. ಅಲ್ಲಿ ಕೂತು ಪುಸ್ತಕಗಳ ನೆರವಿನಿಂದ ಕೆಲಸ ಮುಗಿಸಬಹುದಿತ್ತು, ಯಾರೂ ಬೇಡ ಅಂತಿರಲಿಲ್ಲ. ಆದರೆ ಕನ್ನಡ ಆಡುವ ಜನರೇ ಪಕ್ಕದಲ್ಲಿಲ್ಲದಿದ್ದರೆ ಆ ನಿಘಂಟು ಹೇಗೆ ಪೂರ್ತಿಯಾದೀತು? 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಕನ್ನಡನಾಡಿಗೆ ಬಂದರು. ಧಾರವಾಡದಲ್ಲಿ, ಮಂಗಳೂರಿನಲ್ಲಿ ಕನ್ನಡಿಗರ ಜೊತೆ ಕೂತು ಪದಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಕಣ್ಣು ಸೋಲುತ್ತಾ ಬಂದರೂ ಕೆಲಸ ಬಿಡಲಿಲ್ಲ. 1892ರಲ್ಲಿ ಊರಿಗೆ ಹೊರಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಿಂದ ನಿಘಂಟು ಹೊರಬಂತು. 1752 ಪುಟ, ಸುಮಾರು 70,000 ಪದ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಲ್ಲಿಗೆ ಮುಗೀತು ಅಂತ ಅವರು ಕೂರಲಿಲ್ಲ. 1903ರಲ್ಲಿ ಕನ್ನಡ ವ್ಯಾಕರಣದ ಮೇಲೆ ಅವರ ದೊಡ್ಡ ಪುಸ್ತಕ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲಿ ಅವರು ತೀರಿಕೊಂಡರು. ಅರವತ್ತು ಚಿಲ್ಲರೆ ವರ್ಷಗಳ ನಂತರ ಎಂ. ಮರಿಯಪ್ಪ ಭಟ್ಟರು ಆ ನಿಘಂಟನ್ನೇ ಪರಿಷ್ಕರಿಸಿ, ಬೆಳೆಸಿದರು. ಮದ್ರಾಸ್ ವಿಶ್ವವಿದ್ಯಾಲಯ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು.

ಸ್ಫೂರ್ತಿ ಬರಲಿ ಆಮೇಲೆ ಬರೀತೀನಿ ಅಂತ ನಾವು ಕಾಯ್ತಾ ಇರ್ತೀವಿ. ಕಿಟೆಲ್ ಸ್ಫೂರ್ತಿ ಬತ್ತಿದಾಗ ಅದು ಹುಟ್ಟಿದ ಜಾಗಕ್ಕೇ, ಜನರ ಮಾತಿನ ಹತ್ತಿರಕ್ಕೇ ವಾಪಸ್ ಹೋದರು. ಅದಕ್ಕಾಗಿ ಸಮುದ್ರವನ್ನೇ ದಾಟಿದರು. ನಮಗೆ ಅಷ್ಟು ದೂರವೂ ಇಲ್ಲ. ಈ ಶನಿವಾರ ಆ ಅರ್ಧಕ್ಕೆ ನಿಂತ ಫೈಲ್ ತೆರೆಯೋಣ. ಮೊದಲ ದಿನ ಇದನ್ನು ಯಾಕೆ ಶುರು ಮಾಡಿದ್ದೆ ಅಂತ ಒಂದೇ ಸಾಲು ಬರೆದುಕೊಳ್ಳೋಣ. ಆ ಸಾಲು ಸಿಗಲಿಲ್ಲ ಅಂದ್ರೆ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಒಂದು ರೌಂಡ್ ಹಾಕಿ, ಜನ ಹೇಗೆ ಮಾತಾಡ್ತಾರೆ ಅಂತ ಕೇಳಿಸಿಕೊಂಡು ಬರೋಣ.